ಯಾವಾಗಾರ ಬೇಕಾಗ್ತದ!

ಪತ್ರ: ನಾವು ಕಲಬುರಗಿಯ ಬ್ರಹ್ಮಪುರದಲ್ಲಿದ್ದೇವೆ. ನಮ್ಮನೆಯವರು ಒಂದು ಖಾಲಿ ಡಬ್ಬಿಯನ್ನೂ ಬಿಸಾಡುವುದಿಲ್ಲ. ಟಿವಿ, ಮಿಕ್ಸಿ, ಕೂಲರ್, ಚಪ್ಪಲಿ, ಆನ್‌ಲೈನ್‌ನಲ್ಲಿ ತರಿಸಿದ ಸಾಮಾನು, ಎಲ್ಲದರ ಡಬ್ಬಿಯೂ ಅಟ್ಟ ಸೇರುತ್ತದೆ. ಕೇಳಿದರೆ ‘ಇರ್ಲಿ ಬಿಡು, ಯಾವಾಗಾರ ಬೇಕಾಗ್ತದ’ ಅನ್ನುತ್ತಾರೆ. ಯುಗಾದಿಗೆ ಸುಣ್ಣಬಣ್ಣ ಮಾಡಿಸುವಾಗ ಅವರು ಊರಲ್ಲಿಲ್ಲದ್ದು ನೋಡಿ ಎಲ್ಲವನ್ನೂ ರದ್ದಿಯವರಿಗೆ ಹಾಕಿಬಿಟ್ಟೆ. ಹದಿನೈದು ದಿನಕ್ಕೆ ಅವರಿಗೆ ಬೀದರಿಗೆ ವರ್ಗವಾಯಿತು. ಈಗ ‘ಟಿವಿ ಹ್ಯಾಂಗ್ ಒಯ್ಯಾದು’ ಅಂತ ದಿನಾ ಕೇಳುತ್ತಾರೆ. ತಪ್ಪು ಯಾರದು? ಡಬ್ಬಿ ಕೂಡಿಡುವುದು ಉಳಿತಾಯವೋ, ಚಟವೋ?
– ಓದುಗರೊಬ್ಬರು, ಕಲಬುರಗಿ

ಸಂಪಾದಕರ ಉತ್ತರ:

ಅಕ್ಕಾ, ಈ ನ್ಯಾಯ ಹೇಳಲು ನಾನು ತಕ್ಕವನಲ್ಲ. ನನ್ನ ಮೇಜಿನ ಕೆಳಗೆ ಈಗಲೂ ಆರು ಖಾಲಿ ಡಬ್ಬಿಗಳಿವೆ. ಒಂದರೊಳಗೆ ಒಂದು ತೂರಿಸಿ ಇಟ್ಟಿದ್ದೇನೆ, ನೋಡಿದವರಿಗೆ ಮೂರೇ ಕಾಣಲಿ ಅಂತ. ಆದ್ದರಿಂದ ನಿಮ್ಮ ಯಜಮಾನರ ಕಡೆಯೂ ಸ್ವಲ್ಪ ವಾಲುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಈ ಅಭ್ಯಾಸ ನಮಗೆ ಸುಮ್ನೆ ಬಂದದ್ದಲ್ಲ. ನಮ್ಮ ಕಡೆ ಹರಿದ ಸೀರೆ ಕೌದಿ ಆಗುತ್ತಿತ್ತು. 15 ಕೆಜಿ ಎಣ್ಣೆ ಡಬ್ಬಿಯ ಮೇಲ್ಭಾಗ ಕತ್ತರಿಸಿ, ಮುಚ್ಚಳ ಕೂಡಿಸಿ, ಜೋಳವನ್ನೋ ತೊಗರಿಬೇಳೆಯನ್ನೋ ತುಂಬುತ್ತಿದ್ದರು. ಹಾರ್ಲಿಕ್ಸ್ ಸೀಸೆ ಖಾಲಿಯಾದರೆ ಶೇಂಗಾ ಹಿಂಡಿಗೆ ಮನೆ ಸಿಕ್ಕ ಹಾಗೆ. ನಮ್ಮ ಅಜ್ಜಿ ಹಳೇ ಕಾಗದವನ್ನೆಲ್ಲ ನೀರಲ್ಲಿ ಮೂರು ದಿನ ನೆನೆಹಾಕಿ, ಮೆಂತ್ಯ ಸೇರಿಸಿ ಒರಳಲ್ಲಿ ಕುಟ್ಟಿ, ಬೋರಲು ಹಾಕಿದ ಕೊಡದ ಮೇಲೆ ಮೆತ್ತುತ್ತಿದ್ದಳು. ಒಣಗಿ ಬಿಚ್ಚಿಕೊಂಡಾಗ ಅದು ಬುಟ್ಟಿ. ಅಂಚಿಗೊಂದು ಹಳೇ ಬಟ್ಟೆಯ ಪಟ್ಟಿ. ಮೆಂತ್ಯದ ವಾಸನೆಗೆ ಹುಳು ಹತ್ತಿರ ಬರಲ್ಲ ಅಂತ ಅವಳ ಲೆಕ್ಕ. ಅಜ್ಜಿಯ ಮನೆಯಲ್ಲಿ ಕಾಗದದ ರಾಶಿ ನಾನು ಕಂಡದ್ದು ಆ ಮೂರು ದಿನ ಮಾತ್ರ. ನನ್ನದೂ ನಿಮ್ಮ ಯಜಮಾನರದೂ ಎಡವಟ್ಟು ಇಲ್ಲೇ ಇದೆ. ನಾವು ನೆನೆಹಾಕುವುದೂ ಇಲ್ಲ, ಕುಟ್ಟುವುದೂ ಇಲ್ಲ. ಬರೀ ಕೂಡಿಡುತ್ತೇವೆ.

ಎಲ್ಲ ಡಬ್ಬಿಯೂ ಒಂದೇ ಅಲ್ಲ ಅನ್ನುವುದು ಇನ್ನೊಂದು ಮಾತು. ಕೈಗೆ ಸಿಕ್ಕ ರಟ್ಟಿನ ಡಬ್ಬಿಯ, ನಮ್ಮ ಕಡೆ ಪುಟ್ಟಾ ಡಬ್ಬಿ ಅನ್ನುತ್ತಾರಲ್ಲ, ಅದರ ಅಂಚನ್ನು ಬ್ಲೇಡಿನಿಂದ ಕತ್ತರಿಸಿ ನೋಡಿ. ಎರಡು ಚಪ್ಪಟೆ ಕಾಗದದ ನಡುವೆ ಅಲೆ ಅಲೆಯಾದ ಒಂದು ಕಾಗದ ಕಾಣುತ್ತದೆ. ಅದು ಮೂರು ಪದರದ್ದು, ಅಂಗಡಿಯವರ ಬಾಯಲ್ಲಿ ತ್ರೀ ಪ್ಲೈ. ಅಲೆ ಎರಡು ಸಾಲು ಇದ್ದರೆ ಫೈವ್ ಪ್ಲೈ. ಡಬ್ಬಿಗೆ ಜೀವ ಇರುವುದು ಈ ಅಲೆಯಲ್ಲೇ. ಅಲೆಯ ಗೆರೆಗಳು ಕೆಳಗಿನಿಂದ ಮೇಲಕ್ಕೆ ನಿಂತಿದ್ದರೆ ಸಾಲುಗಂಬದ ಹಾಗೆ ಭಾರ ಹೊರುತ್ತವೆ. ಅದೇ ಡಬ್ಬಿಯನ್ನು ಅಡ್ಡ ಮಲಗಿಸಿ ಮೇಲೆ ಪುಸ್ತಕ ಪೇರಿಸಿದರೆ ಬೇಗ ಕುಸಿಯುತ್ತದೆ. ಇಂಥ ಮಡಿಕೆ ಕಾಗದಕ್ಕೆ 1856ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದದ್ದು ಉದ್ದನೆಯ ಟೋಪಿಗಳ ಒಳಗೆ ಅಸ್ತರಿ ಹಾಕಲು! 1871ರಲ್ಲಿ ನ್ಯೂಯಾರ್ಕಿನ ಆಲ್ಬರ್ಟ್ ಜೋನ್ಸ್ ಅದನ್ನು ಗಾಜಿನ ಸೀಸೆಗಳಿಗೆ ಸುತ್ತುವ ಉಪಾಯ ಮಾಡಿದ. ಡಬ್ಬಿ ಆದದ್ದು ಆಮೇಲೆ. ಅಂದ ಹಾಗೆ, ನಮ್ಮೂರ ಬಿಸಿಲಿಗೆ ಮನೆ ಮನೆಯಲ್ಲೂ ತಿರುಗುವ ಕೂಲರಿನ ಹನಿಕೋಂಬ್ ಪ್ಯಾಡ್ ಕೂಡ ಇದೇ ಜಾತಿಯದು. ನೀರಿಗೆ ಕರಗದ ಹಾಗೆ ಅಂಟು ಕುಡಿಸಿದ ಮಡಿಕೆ ಕಾಗದ.

ಅಂಟು ಕುಡಿಸದ ಬರೀ ರಟ್ಟಿಗೆ ತೇವವೇ ಶತ್ರು. ಮಳೆಗಾಲದಲ್ಲಿ ಗಾಳಿಯ ತೇವವನ್ನೇ ಹೀರಿ ಮೆತ್ತಗಾಗುತ್ತದೆ. ಅದಕ್ಕಿಂತ ದೊಡ್ಡ ಶತ್ರು ಒರಲೆ. ಇದನ್ನು ಅನುಭವಿಸಿಯೇ ಹೇಳುತ್ತಿದ್ದೇನೆ. ಹಿಂದೆ ಇದ್ದ ಬಾಡಿಗೆ ಮನೆಯಲ್ಲಿ ಶಹಾಬಾದ್ ಫರ್ಸಿಯ ನೆಲ. ಮೂಲೆಯಲ್ಲಿ ನಮ್ಮ ಪತ್ರಿಕೆಯ ಹಳೇ ಸಂಚಿಕೆ ತುಂಬಿದ ಡಬ್ಬಿ ಇಟ್ಟಿದ್ದೆ. ಮೇಲಿನಿಂದ ನೋಡಿದರೆ ಹೊಸದರ ಹಾಗೇ ಇತ್ತು. ಒಂದು ದಿನ ಎತ್ತಿದೆ. ನಾಲ್ಕು ಗೋಡೆ ಕೈಗೆ ಬಂದವು, ತಳ ನೆಲದಲ್ಲೇ ಉಳಿಯಿತು. ಫರ್ಸಿಯ ಸಂದಿಯಿಂದ ಎದ್ದ ಮಣ್ಣಿನ ಗೆರೆ ಸೀದಾ ಸಂಚಿಕೆಗಳ ಹೊಟ್ಟೆಗೆ ಹೋಗಿತ್ತು. ನನ್ನ ಸಂಪಾದಕೀಯಗಳನ್ನು ಅಷ್ಟು ಶ್ರದ್ಧೆಯಿಂದ ಯಾರೂ ಮುಗಿಸಿರಲಿಲ್ಲ. ಇನ್ನು ಜಿರಳೆಗೂ ಆ ಅಲೆಯ ಕೊಳವೆಗಳೇ ಇಷ್ಟ, ಮೊಟ್ಟೆ ಚೀಲ ಅಲ್ಲೇ ಅಂಟಿಸುತ್ತದೆ.

ಆದ್ದರಿಂದ ನೀವು ಅಟ್ಟ ಖಾಲಿ ಮಾಡಿದ್ದು ತಪ್ಪಲ್ಲ. ಕೇಳದೆ ಮಾಡಿದ್ದು, ಅದೂ ಟಿವಿ ಡಬ್ಬಿ ಸಮೇತ ಹಾಕಿದ್ದು, ಸ್ವಲ್ಪ ತಪ್ಪೇ. ಟಿವಿ ಡಬ್ಬಿಯೊಳಗಿನ ಥರ್ಮಾಕೋಲು ಆ ಟಿವಿಯ ಅಳತೆಗೇ ಅಚ್ಚು ಹಾಕಿದ್ದು, ಅಂಗಡಿಯಲ್ಲಿ ಬಿಡಿಯಾಗಿ ಸಿಗುವಂಥದ್ದಲ್ಲ. ವರ್ಗದ ನೌಕರಿ ಇರುವ ಮನೆಯಲ್ಲಿ ಟಿವಿ, ಮಿಕ್ಸಿಯಂಥ ಒಡೆಯುವ ಸಾಮಾನಿನ ಡಬ್ಬಿ ಇರಬೇಕು. ಕೂಲರ್ ಡಬ್ಬಿಯೂ ಇರಲಿ, ಮಳೆ ಶುರುವಾದ ಮೇಲೆ ಅದು ಅದರಲ್ಲೇ ಮಲಗುತ್ತದೆ. ಆನ್‌ಲೈನ್ ಸಾಮಾನಿನದು ವಾಪಸ್ ಕಳಿಸುವ ಗಡುವು ಮುಗಿಯುವವರೆಗೆ ಸಾಕು. ಚಪ್ಪಲಿ ಡಬ್ಬಿಗೆ ಮನೆಯಲ್ಲಿ ಜಾಗ ಯಾಕೆ ಬೇಕು, ನನಗಂತೂ ತಿಳಿಯದು.

ಒಂದು ಡಬ್ಬಿಗೆ ಮಾತ್ರ ನಾನು ಮರ್ಯಾದೆ ಕೊಡುತ್ತೇನೆ. ಬೆಂಗಳೂರಿನಲ್ಲಿ ಓದುವ ಮಗಳಿಗೆ ಖಡಕ್ ರೊಟ್ಟಿ ಹೋಗುವ ಡಬ್ಬಿ. ಫೈವ್ ಪ್ಲೈ, ರೊಟ್ಟಿಗಿಂತ ಎರಡು ಬೆರಳು ಅಗಲ. ತಳಕ್ಕೆ ಮಡಚಿದ ಹಳೇ ಧೋತರ, ಹತ್ತು ಹತ್ತು ರೊಟ್ಟಿಗೊಂದು ಬಟ್ಟೆ, ಮೇಲೆ ಒಂದಿಷ್ಟೂ ಖಾಲಿ ಜಾಗ ಇರಬಾರದು. ಅಲುಗಾಡಿದರೆ ಮುಗೀತು, ತಲುಪುವುದು ರೊಟ್ಟಿಯ ಪುಡಿ. ಹಬ್ಬಕ್ಕೆ ಬರುವಾಗ ಡಬ್ಬಿಯನ್ನು ಮಡಚಿ ವಾಪಸ್ ತರುತ್ತಾಳೆ. ಮೂರು ವರ್ಷದಿಂದ ಉದ್ಯಾನ್ ಎಕ್ಸ್‌ಪ್ರೆಸ್ಸಿನಲ್ಲಿ ಓಡಾಡಿದೆ ಅದು.

ಬಟ್ಟೆ ಯಾಕೆ, ನ್ಯೂಸ್ ಪೇಪರ್ ಸಾಲದೇ ಅಂದೀರಿ. ಸಾಲದು. ಅಚ್ಚಿನ ಶಾಯಿ ಊಟಕ್ಕೆ ಹತ್ತುತ್ತದೆ. ಪೇಪರಿನಲ್ಲಿ ತಿಂಡಿ ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ 2016ರಲ್ಲಿ ಹೇಳಿದೆ. ಪತ್ರಿಕೆ ನಡೆಸುವವನೇ ಇದನ್ನು ಹೇಳುತ್ತಿದ್ದೇನೆ, ನಂಬಿ. ಸಂಜೆಯ ಮಿರ್ಚಿ ಭಜಿಗೂ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯುವುದು ಒಳ್ಳೆಯದು.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಹಾಲಿನ ಪಾಕೀಟಿನ ಮೂಲೆ ಪೂರ್ತಿ ಕತ್ತರಿಸಬೇಡಿ, ಆ ಚೂರೇ ಚರಂಡಿ ಸೇರುವುದು. ತುದಿ ಅಂಟಿಕೊಂಡಿರಲಿ, ತೊಳೆದು ಅಡುಗೆ ಕಟ್ಟೆಯ ಟೈಲ್ಸಿಗೆ ಬಡಿದರೆ ಬೆಳಗಾಗುವಷ್ಟರಲ್ಲಿ ಒಣಗುತ್ತದೆ. ಬೇಳೆಯ ಪ್ಲಾಸ್ಟಿಕ್ ಚೀಲವನ್ನು ಮಾಳಿಗೆಯ ಬಿಸಿಲಿಗೆ ಬಿಟ್ಟರೆ ಒಂದೇ ಬೇಸಿಗೆಗೆ ಬಿಳಿ ಪುಡಿ ಉದುರತೊಡಗುತ್ತದೆ, ನೆರಳಲ್ಲಿಡಿ. ಥರ್ಮಾಕೋಲು ಸುಡಬೇಡಿ, ಆ ಹೊಗೆ ವಿಷ. ಮೆಟ್ಟಿಲ ಕೆಳಗೆ ಕರೆಂಟಿನ ಮೀಟರ್ ಇದ್ದರೆ ಅಲ್ಲಿ ಒಂದು ಡಬ್ಬಿಯೂ ಬೇಡ.

ರದ್ದಿಗೆ ಹಾಕುವಾಗ ಟೇಪು ಕಿತ್ತು, ಡಬ್ಬಿ ಬಿಚ್ಚಿ ಚಪ್ಪಟೆ ಮಾಡಿ. ಹೆಸರು, ಫೋನ್ ನಂಬರ್ ಇರುವ ಚೀಟಿ ಹರಿದುಹಾಕಿ. ತೇವ ಇದ್ದದ್ದನ್ನು ಅವರು ತೆಗೆದುಕೊಳ್ಳುವುದಿಲ್ಲ, ಎಣ್ಣೆ ಹತ್ತಿದ ಪಿಜ್ಜಾ ಡಬ್ಬಿಯೂ ಬೇಡ. ಮಿಕ್ಕದ್ದು ಕಾಗದದ ಮಿಲ್ಲಿಗೆ ಹೋಗಿ ಮತ್ತೆ ಡಬ್ಬಿಯಾಗಿಯೇ ಬರುತ್ತದೆ. ಪ್ರತಿ ಸಲವೂ ಕಾಗದದ ನಾರು ಸ್ವಲ್ಪ ಗಿಡ್ಡವಾಗುತ್ತದೆ ಅಷ್ಟೇ. ನೀವು ಹಾಕಿದ ಟಿವಿ ಡಬ್ಬಿ ಮುಂದೊಂದು ದಿನ ಮಿಕ್ಸಿ ಡಬ್ಬಿಯಾಗಿ ನಿಮ್ಮನೆಗೇ ಬಂದರೂ ಬಂತು. ಯಜಮಾನರಿಗೆ ಇದನ್ನು ಹೇಳಬೇಡಿ, ಅದನ್ನೂ ಅಟ್ಟಕ್ಕೆ ಏರಿಸುತ್ತಾರೆ.

ಈಗ ಟಿವಿ ವಿಚಾರ. ಅದರ ಉದ್ದ, ಎತ್ತರ, ದಪ್ಪ ಟೇಪು ಹಿಡಿದು ಬರೆದುಕೊಳ್ಳಿ. ಸಂಜೆ ಸೂಪರ್ ಮಾರ್ಕೆಟ್ ಕಡೆ ಟಿವಿ ಅಂಗಡಿಗಳಲ್ಲಿ ಕೇಳಿ, ಷೋರೂಮಿನಲ್ಲಿ ತೂಗುಹಾಕಿದ ಟಿವಿಗಳ ಡಬ್ಬಿ ಹಿಂದೆ ಬಿದ್ದಿರುತ್ತವೆ. ಒಂದಿಷ್ಟು ದೊಡ್ಡದಾದರೂ ತನ್ನಿ, ಸಂದಿಗೆ ಕೌದಿ ತುಂಬಿ. ಗಾಜಿನ ಮೇಲೆ ಮಾತ್ರ ಏನೂ ಒತ್ತದಿರಲಿ. ಗಾಡಿಯಲ್ಲಿ ಟಿವಿಯನ್ನು ನಿಲ್ಲಿಸಿಯೇ ಒಯ್ಯಬೇಕು, ಮಲಗಿಸಬಾರದು. ಹುಮನಾಬಾದ್ ದಾಟುವವರೆಗಾದರೂ ಯಜಮಾನರೇ ಪಕ್ಕದಲ್ಲಿ ಕೂತು ಹಿಡಿದುಕೊಳ್ಳಲಿ. ಬೀದರಿನ ಮನೆಗೆ ಅಟ್ಟ ಇದೆಯೋ ಇಲ್ಲವೋ, ಅದನ್ನು ಮಾತ್ರ ನೀವೇ ಮುಂಚೆ ಹೋಗಿ ನೋಡಿಕೊಂಡು ಬನ್ನಿ.