ಹನ್ನೊಂದು ಸೆಂಟಿಮೀಟರ್

"ಗೋಡೆ ಕೂಡ್ತಾ ಇಲ್ಲ."

ಕುರ್ಚಿಯಲ್ಲಿ ಕೂತ ಕೂಡಲೇ ಆಕೆ ಹೇಳಿದ ಮೊದಲ ಮಾತು ಇದು. ನಿದ್ದೆ ಬರ್ತಿಲ್ಲ, ಓದು ಬಿಡಬೇಕು ಅನಿಸ್ತಿದೆ ಎಂಬ ಮಾತುಗಳು ಆಪ್ತಸಲಹೆಗಾರನಾದ ನನಗೆ ಅಭ್ಯಾಸ. ಇದು ಹೊಸದು. ಯಾವ ಗೋಡೆ ಎಂದು ಕೇಳಿದೆ. ಬ್ಯಾಗಿನಿಂದ ಸುರುಳಿ ಸುತ್ತಿದ ದೊಡ್ಡ ಹಾಳೆ ತೆಗೆದು ನನ್ನ ಮೇಜಿನ ಮೇಲೆ ಹರಡಿದಳು. ನಾಲ್ಕು ಮೂಲೆಗೆ ಏನಾದರೂ ಭಾರ ಇಡಿ ಅಂದಳು. ನನ್ನ ಕನ್ನಡಕದ ಡಬ್ಬಿಯೂ ಒಂದು ಮೂಲೆಗೆ ಹೋಯಿತು.

ಒಳಾಂಗಣ ವಿನ್ಯಾಸದ ಕೊನೆಯ ವರ್ಷದ ಹುಡುಗಿ. ಬರೆಯಲು ಅವಳ ಒಪ್ಪಿಗೆ ಇದೆ. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ, ಹೆಸರು ಬೇಡವೇ ಬೇಡ. ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಮುಚ್ಚಿಹೋದ ಹಳೆಯ ಮುದ್ರಣಾಲಯ. ಎರಡು ಅಂತಸ್ತು. ಭಾರ ಹೊರುವ ದಪ್ಪ ಇಟ್ಟಿಗೆ ಗೋಡೆ, ಸುಣ್ಣದ ಗಾರೆ, ಮೇಲಂತಸ್ತಿಗೆ ಮರದ ತೊಲೆ ಮತ್ತು ಹಲಗೆ. ಅದನ್ನು ಮಿಶ್ರ ಬಳಕೆಗೆ ಹೊಂದಿಸಬೇಕಿತ್ತು. ಕೆಳಗೆ ಎರಡು ಅಂಗಡಿ, ಮರಗೆಲಸ ಕಲಿಸುವ ಜಾಗ. ಮೇಲೆ ಎಲ್ಲರಿಗೂ ತೆರೆದ ಓದುವ ಕೋಣೆ, ಜೊತೆಗೆ ಮೂರು ಪುಟ್ಟ ಮನೆ.

ಇಂಥ ಕೆಲಸ ಶುರುವಾಗುವುದೇ ಅಳತೆಯಿಂದ. ಹಳೆಯ ಕಟ್ಟಡದ ನಕ್ಷೆ ಸಿಗುವುದು ಅಪರೂಪ. ಸಿಕ್ಕರೂ ನಂಬುವ ಹಾಗಿಲ್ಲ. ಕೋಣೆಯ ನಾಲ್ಕು ಬದಿ ಅಳೆದರೆ ಸಾಲದು, ಮೂಲೆಯಿಂದ ಮೂಲೆಗೂ ಅಳೆಯಬೇಕು, ಏಕೆಂದರೆ ಹಳೆಯ ಕೋಣೆಗಳ ಮೂಲೆ ನೇರ ಇರುವುದಿಲ್ಲ. ಇದೆಲ್ಲ ಅವಳೇ ನನಗೆ ಕಲಿಸಿದ್ದು. ಅವಳ ಲೆಕ್ಕದಲ್ಲಿ ಕೋಣೆಗಳ ಉದ್ದ ಮತ್ತು ಗೋಡೆಗಳ ದಪ್ಪ ಕೂಡಿಸಿದರೆ, ಹೊರಗಿನಿಂದ ಅಳೆದ ಉದ್ದಕ್ಕಿಂತ 11 ಸೆಂಟಿಮೀಟರ್ ಜಾಸ್ತಿ ಬರುತ್ತಿತ್ತು. ಅಂದರೆ ಕಟ್ಟಡ ಹೊರಗಿಗಿಂತ ಒಳಗೇ ದೊಡ್ಡದು! ನನಗೆ ನಗು ಬಂತು. ಅವಳಿಗೆ ಬರಲಿಲ್ಲ. ಐದು ಸಲ ಹೋಗಿ ಅಳೆದು ಬಂದಿದ್ದಳು, ಎರಡು ಸಲ ಟೇಪಿನಲ್ಲಿ, ಮೂರು ಸಲ ಲೇಸರ್‌ನಲ್ಲಿ. ಪ್ರತಿ ಸಲವೂ ಅದೇ ಹನ್ನೊಂದು.

"ಅಳೆಯೋಕೂ ಬರದವಳು ಡಿಸೈನ್ ಏನು ಮಾಡ್ತಾಳೆ?" ಅಂದಳು.

ಆಮೇಲೆ ಉಳಿದದ್ದು ಹೊರಬಂತು. ಮೊದಲ ಜ್ಯೂರಿಯಲ್ಲಿ, ಅಂದರೆ ಶಿಕ್ಷಕರ ಮುಂದೆ ಕೆಲಸ ಒಪ್ಪಿಸುವಾಗ, ಹಿರಿಯ ಶಿಕ್ಷಕರೊಬ್ಬರು ಅವಳ ಪ್ಲಾನ್ ನೋಡಿ, "ಇದರಲ್ಲಿ ನಿನ್ನ ಕೆಲಸ ಎಲ್ಲಿದೆ?" ಎಂದು ಕೇಳಿದ್ದರು. ಅವಳು ಕಟ್ಟಡವನ್ನು ಆದಷ್ಟು ಹಾಗೇ ಬಿಟ್ಟಿದ್ದಳು. ಪ್ರಶ್ನೆ ಕೇಳಿ ಬೆವರಿದಳು, ಉತ್ತರ ಹೇಳಲಿಲ್ಲ. ಮುಂದಿನ ಮೂರು ವಾರದಲ್ಲಿ ಎಂಟು ಹೊಸ ಪ್ಲಾನ್. ಪ್ರತಿಯೊಂದರಲ್ಲೂ ಹಿಂದಿನದಕ್ಕಿಂತ ಒಂದು ಗೋಡೆ ಜಾಸ್ತಿ ಬೀಳುತ್ತಿತ್ತು. ಎಂಟನೆಯದರಲ್ಲಿ ಮುದ್ರಣಾಲಯವೇ ಉಳಿದಿರಲಿಲ್ಲ. ಈಗ ಫೈಲು ತೆರೆಯಲು ಕೈ ಬರುತ್ತಿಲ್ಲ, ಸ್ಟುಡಿಯೋಗೆ ಹೋಗಿ ಹತ್ತು ದಿನ ಆಯಿತು, ರಾತ್ರಿ ಮೂರು ಗಂಟೆಗೆ ಎಚ್ಚರವಾಗುತ್ತದೆ.

ಬದುಕೇ ಬೇಡ ಅನಿಸುತ್ತದೆಯೇ ಎಂದು ನೇರವಾಗಿ ಕೇಳಿದೆ. ಇದನ್ನು ಸುತ್ತಿ ಬಳಸಿ ಕೇಳಬಾರದು. ಇಲ್ಲ ಅಂದಳು. ಹೌದು ಅಂದಿದ್ದರೆ ಪ್ಲಾನಿನ ಮಾತು ಅಲ್ಲೇ ನಿಲ್ಲಿಸಿ, ಅವತ್ತೇ ವೈದ್ಯರಿಗೆ ತೋರಿಸುವ ಏರ್ಪಾಡು ಮಾಡುತ್ತಿದ್ದೆ. ನಿದ್ದೆ ಇನ್ನೂ ಎರಡು ವಾರ ಹೀಗೇ ಕೆಟ್ಟರೆ ವೈದ್ಯರ ಹತ್ತಿರ ಹೋಗಲೇಬೇಕು ಎಂದು ಮಾತು ತೆಗೆದುಕೊಂಡೆ.

ನಂತರ ನಾನು ಕೊಟ್ಟ ಮೊದಲ ಸಲಹೆ ತಪ್ಪು. ಒಂದು ವಾರ ಎಲ್ಲ ಬಿಟ್ಟು ವಿಶ್ರಾಂತಿ ತಗೋ ಅಂದೆ. ಎಲ್ಲರೂ ಹೇಳುವ ಮಾತು, ಹೇಳುವುದು ಸುಲಭ. ವಾರದ ನಂತರ ಅವಳು ಇನ್ನೂ ಸೋತು ಬಂದಳು. ಮನೆಯಲ್ಲಿ ಸುಮ್ನೆ ಕೂರಲು ಆಗದೆ ತಮ್ಮ ಮನೆಯ ಕೋಣೆಗಳನ್ನೆಲ್ಲ ಅಳೆದಿದ್ದಳಂತೆ, ತನಗೆ ಅಳೆಯಲು ಬರುತ್ತದೋ ಇಲ್ಲವೋ ನೋಡಲು. ಎಲ್ಲ ಕೋಣೆಯೂ ಸರಿಯಾಗಿ ಕೂಡಿದವು.

"ಹಾಗಾದರೆ ನಿನಗೆ ಅಳೆಯಲು ಬರುತ್ತದೆ," ಅಂದೆ.

"ಆದ್ರೆ ಅಲ್ಲಿ ತಪ್ತಾ ಇದೀನಲ್ಲ?"

ಐದು ಸಲ ಅಳೆದಿದ್ದಾಳೆ, ಐದೂ ಸಲ ಒಂದೇ ಉತ್ತರ. ಬೇರೆ ಯಾರೇ ಆಗಿದ್ದರೂ ಗೋಡೆಯ ಮೇಲೆ ಅನುಮಾನಪಡುತ್ತಿದ್ದರು. ಇವಳಿಗೆ ಅದು ಹೊಳೆಯಲೇ ಇಲ್ಲ. ಎರಡು ಸಂಗತಿ ತಾಳೆಯಾಗದಿದ್ದರೆ ತಪ್ಪು ತನ್ನದೇ. ಲೆಕ್ಕ ಕೂಡದಿದ್ದರೆ ತನ್ನ ಕೈ ಸರಿಯಿಲ್ಲ, ಶಿಕ್ಷಕರು ಪ್ರಶ್ನೆ ಕೇಳಿದರೆ ತನ್ನ ಪ್ಲಾನ್ ಸರಿಯಿಲ್ಲ. ಹಳೆಯ ಕಟ್ಟಡವೂ ಮನಸ್ಸೂ ಒಂದೇ ಥರ ಅಂತೇನೋ ಹೇಳಲು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವಳಿಗೆ ಬೇಕಿದ್ದದ್ದು ಹೋಲಿಕೆ ಅಲ್ಲ.

ಒಂದು ಹಾಳೆ ಕೊಟ್ಟು ಮೂರು ಸಾಲು ಬರೆಯಲು ಹೇಳಿದೆ. ಶಿಕ್ಷಕರ ಬಾಯಿಂದ ಬಂದ ಮಾತು, ಅಕ್ಷರ ಬದಲಿಸದೆ. ತನ್ನ ಕಿವಿಗೆ ಕೇಳಿಸಿದ್ದು. ಆ ಮಾತಿಗೆ ಇನ್ನೇನು ಅರ್ಥ ಇರಬಹುದು. ಮೊದಲ ಸಾಲು "ನಿನ್ನ ಕೆಲಸ ಎಲ್ಲಿದೆ?" ಎರಡನೆಯದು "ನೀನು ಏನೂ ಮಾಡಿಲ್ಲ." ಮೂರನೆಯದು ಖಾಲಿ ಉಳಿಯಿತು. ಪೆನ್ನು ಹಿಡಿದು ಐದಾರು ನಿಮಿಷ ಕೂತಳು. ಖಾಲಿ ಇರಲಿ, ಅದನ್ನು ತುಂಬಬೇಕಾದವರು ಅವರು, ಹೋಗಿ ಕೇಳು ಅಂದೆ. ಕೇಳುವ ವಾಕ್ಯವನ್ನೂ ಇಬ್ಬರೂ ಸೇರಿ ಸಿದ್ಧ ಮಾಡಿದೆವು. "ಆವತ್ತು ನಿಮ್ಮ ಪ್ರಶ್ನೆ ನನಗೆ ಸರಿಯಾಗಿ ಅರ್ಥ ಆಗಲಿಲ್ಲ, ಎಲ್ಲಿದೆ ಅಂದರೆ ಏನು ನೋಡಬೇಕಿತ್ತು ನಿಮಗೆ?" ಇಷ್ಟೇ. ಕ್ಷಮೆ ಕೇಳಬೇಡ, ವಿವರಣೆ ಕೊಡಬೇಡ ಎಂದು ಎರಡು ಸಲ ಹೇಳಿದೆ. ಇಂಥ ಮಕ್ಕಳು ಪ್ರಶ್ನೆಗಿಂತ ಮೊದಲು ಕ್ಷಮೆ ಕೇಳಿಬಿಡುತ್ತಾರೆ.

ಇನ್ನೆರಡು ಕೆಲಸ ಕೊಟ್ಟೆ. ಹನ್ನೊಂದು ಸೆಂಟಿಮೀಟರನ್ನು ಒಬ್ಬಳೇ ಅಳೆಯಬೇಡ, ಕಟ್ಟಡ ರಚನೆ ಕಲಿಸುವವರನ್ನು ಕರೆದುಕೊಂಡು ಹೋಗು, ಅಳತೆ ಹಿಡಿಯುವುದು ಅವರು, ಬರೆದುಕೊಳ್ಳುವುದು ನೀನು. ಎರಡನೆಯದು, ಹಾಸಿಗೆಯ ಎದುರು ಅಂಟಿಸಿಕೊಂಡ ಚಿತ್ರಗಳನ್ನು ತೆಗೆ. ಲಂಡನ್ನಿನ ವಿದ್ಯುತ್ ಸ್ಥಾವರ ಟೇಟ್ ಮಾಡರ್ನ್ ಎಂಬ ಕಲಾ ಸಂಗ್ರಹಾಲಯ ಆದದ್ದು, ಕೇಪ್ ಟೌನಿನ ಧಾನ್ಯದ ಕಣಜದ ಕಾಂಕ್ರೀಟ್ ಕೊಳವೆಗಳನ್ನು ಕೊರೆದು ಕಲಾ ಸಂಗ್ರಹಾಲಯ ಮಾಡಿದ್ದು, ಇವನ್ನೆಲ್ಲ ಮಲಗುವ ಮುಂಚೆ ದಿನಾ ನೋಡುತ್ತಿದ್ದಳು. ಟೇಟ್ ಮಾಡರ್ನ್‌ಗೆ ವಾಸ್ತುಶಿಲ್ಪಿಗಳ ಆಯ್ಕೆ ಆದದ್ದು 1995ರಲ್ಲಿ, ಬಾಗಿಲು ತೆರೆದದ್ದು 2000ದಲ್ಲಿ. ಐದು ವರ್ಷ, ದೊಡ್ಡ ತಂಡ. ಇವಳದು ಒಂದು ಸೆಮಿಸ್ಟರ್, ಒಂದು ಲ್ಯಾಪ್‌ಟಾಪ್. ಆ ಚಿತ್ರಗಳು ಸ್ಟುಡಿಯೋದಲ್ಲಿರಲಿ, ಮಲಗುವ ಕೋಣೆಯಲ್ಲಿ ಬೇಡ.

ಮುಂದಿನ ಭೇಟಿಗೆ ಅವಳು ಹತ್ತು ನಿಮಿಷ ಮುಂಚೆಯೇ ಬಂದಿದ್ದಳು.

ಶಿಕ್ಷಕರ ಉತ್ತರ ಬಹಳ ಸರಳ. ಹಳೆಯದು, ತೆಗೆಯುವುದು, ಹೊಸದು, ಎಲ್ಲವನ್ನೂ ಅವಳು ಒಂದೇ ಕಪ್ಪು ಗೆರೆಯಲ್ಲಿ ಬರೆದಿದ್ದಳು. ಹಳೆಯ ಕಟ್ಟಡದ ಡ್ರಾಯಿಂಗ್‌ನಲ್ಲಿ ಈ ಮೂರನ್ನೂ ಬೇರೆ ಬೇರೆ ತೋರಿಸುವುದು ರೂಢಿ. ತೆಗೆಯುವುದು ಹಳದಿ, ಹೊಸದು ಕೆಂಪು ಎಂಬ ಪದ್ಧತಿ ಹಲವು ಕಡೆ ಇದೆ. "ಎಲ್ಲಿದೆ" ಅಂದರೆ ನಿಜಕ್ಕೂ ಎಲ್ಲಿದೆ ಎಂದೇ! ಅವರಿಗೆ ಕಾಣಿಸಲಿಲ್ಲ, ಕೇಳಿದರು. ಹೊಸ ಸೇರ್ಪಡೆ ಹಳೆಯದರ ಜೊತೆ ಹೊಂದಿಕೊಳ್ಳಬೇಕು, ಆದರೆ ಬೇರೆ ಎಂದು ಗುರುತು ಸಿಗಬೇಕು ಎಂದು ಹಳೆಯ ಕಟ್ಟಡಗಳ ಸಂರಕ್ಷಣೆಗೆ ನಿಯಮ ಹೇಳುವ 1964ರ ವೆನಿಸ್ ಸನ್ನದಿನಲ್ಲೇ ಇದೆಯಲ್ಲ ಎಂದೂ ಹೇಳಿದರಂತೆ. ಜೊತೆಗೆ ಒಂದು ಕಥೆ. 1996ರಲ್ಲಿ ಫ್ರಾನ್ಸಿನ ಬೋರ್ಡೋ ನಗರದ ಒಂದು ಚೌಕವನ್ನು ಚಂದ ಮಾಡಿಕೊಡಿ ಎಂದು ಲಕಾತೊನ್ ಮತ್ತು ವಸಾಲ್ ಎಂಬ ವಾಸ್ತುಶಿಲ್ಪಿಗಳನ್ನು ಕೇಳಿದರು. ಅವರು ಅಲ್ಲಿ ಹೋಗಿ ಕೂತು, ಜನರ ಜೊತೆ ಮಾತಾಡಿ, ಇದು ಈಗಾಗಲೇ ಚಂದ ಇದೆ ಅಂದರು. ಮರಗಳನ್ನು ನೋಡಿಕೊಳ್ಳಿ, ಜಲ್ಲಿ ಬದಲಿಸಿ, ಆಗಾಗ ಗುಡಿಸಿ. ಅಷ್ಟೇ ಅವರ ವಿನ್ಯಾಸ. 2021ರಲ್ಲಿ ಅವರಿಗೆ ವಾಸ್ತುಶಿಲ್ಪದ ದೊಡ್ಡ ಗೌರವವಾದ ಪ್ರಿಟ್ಸ್ಕರ್ ಪ್ರಶಸ್ತಿ ಬಂತು.

ಹಾಗೇ ಬಿಡುವುದಾದರೂ ಯಾಕೆ ಬಿಟ್ಟೆ ಅನ್ನುವುದನ್ನು ಕಾಣಿಸಬೇಕು, ಅಲ್ವಾ? ಅವಳಿಗೆ ಅದನ್ನೇ ಒಂದು ಹಾಳೆ ಮಾಡಲು ಹೇಳಿದೆ. ಮುಟ್ಟದೆ ಬಿಟ್ಟ ಪ್ರತಿಯೊಂದರ ಎದುರು ಒಂದು ಕಾರಣ. "ಸುಣ್ಣದ ಗಾರೆ: ಸಿಮೆಂಟ್ ಬಳಿದರೆ ತೇವ ಹೊರಹೋಗದೆ ಇಟ್ಟಿಗೆಯೇ ಸವೆಯುತ್ತದೆ" ಎಂಬುದು ಮೊದಲ ಸಾಲು.

ಇನ್ನು ಆ ಹನ್ನೊಂದು. ಕಟ್ಟಡ ರಚನೆಯ ಶಿಕ್ಷಕಿ ಟೇಪು ಬಿಚ್ಚುವ ಮುಂಚೆಯೇ, "ಹನ್ನೊಂದಾ? ಅದು ಹೆಚ್ಚುಕಡಿಮೆ ಒಂದು ಇಟ್ಟಿಗೆಯ ಅಗಲ," ಅಂದರಂತೆ. ಕೊನೆಯ ಗೋಡೆಯ ಒಂದು ಭಾಗಕ್ಕೆ ಹಳೆಯ ಕಪಾಟು ಒರಗಿಸಿತ್ತು. ಹುಡುಗಿ ಕೋಣೆಯ ಉದ್ದವನ್ನು ಆ ಕಪಾಟಿನ ಒಳಗಿಂದ ಹಿಡಿದಿದ್ದಳು, ಗೋಡೆಯ ದಪ್ಪವನ್ನು ಕಿಟಕಿ ಹತ್ತಿರ. ಕಪಾಟು ಸರಿಸಿದರೆ ಗೋಡೆ ಅಲ್ಲಿ ಒಂದು ಇಟ್ಟಿಗೆಯಷ್ಟು ತೆಳ್ಳಗೆ, ಇಟ್ಟಿಗೆಯ ಬಣ್ಣವೂ ಬೇರೆ. ಮುಚ್ಚಿದ ಬಾಗಿಲು! ಮೇಲೆ ಹೋಗಿ ನೋಡಿದರೆ ಸರಿಯಾಗಿ ಅದರ ನೆತ್ತಿಗೆ ಹಲಗೆಗಳು ಹೊಸವು, ತೊಲೆಗಳನ್ನು ತುಂಡರಿಸಿ ಅಡ್ಡಪಟ್ಟಿ ಕೊಟ್ಟ ಗುರುತು. ಅಲ್ಲಿ ಒಂದು ಮೆಟ್ಟಿಲು ಇತ್ತು. ಒಂದು ಕಾಲದಲ್ಲಿ ಮೇಲೆ ಯಾರೋ ವಾಸವಿದ್ದರು, ಯಂತ್ರಗಳ ಮಧ್ಯೆ ಹಾಯದೆ ತಮ್ಮದೇ ಬಾಗಿಲಿಂದ ಹತ್ತುತ್ತಿದ್ದರು.

ಅವಳ ಎಂಟು ಪ್ಲಾನೂ ಸೋತದ್ದು ಇಲ್ಲೇ. ಒಂದೇ ಮೆಟ್ಟಿಲು. ಮನೆಯವರು ರಾತ್ರಿ ಓದುವ ಕೋಣೆ ದಾಟಿ ಮಲಗಲು ಹೋಗಬೇಕು, ಬೆಂಕಿ ಬಿದ್ದರೆ ಎಲ್ಲರೂ ಅದೇ ದಾರಿಯಲ್ಲಿ ಓಡಬೇಕು. ಮಿಶ್ರ ಬಳಕೆ ಎಂದರೆ ಬೇರೆ ಬೇರೆ ಹೊತ್ತಿನಲ್ಲಿ ಬಾಳುವ ಜನ ಒಂದೇ ಸೂರಿನಡಿ. ಅವರ ಬಾಗಿಲು ಬೇರೆ ಆಗದಿದ್ದರೆ ಉಳಿದದ್ದೆಲ್ಲ ಅಲಂಕಾರ. ಇದು ಅವಳದೇ ಮಾತು.

ಶಿಕ್ಷಕಿ ಇನ್ನೊಂದು ಕೆಲಸವನ್ನೂ ಹೇಳಿದ್ದರು. ವಾಸದ ಮನೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕೆ.ಜಿ. ಭಾರ ಎಂದು ಲೆಕ್ಕ ಹಿಡಿದರೆ, ಪುಸ್ತಕದ ಕಪಾಟು ತುಂಬಿದ ಕೋಣೆಗೆ ಅದರ ಸುಮಾರು ಮೂರು ಪಟ್ಟು ಬೇಕು. ಮರದ ನೆಲದ ಮೇಲೆ ಓದುವ ಕೋಣೆ ಬೇಡ, ಕೆಳಗೆ ತಾ. ಅದನ್ನು ಹೇಳುವಾಗ ನಾನು ಅವಳ ಮುಖ ನೋಡುತ್ತಿದ್ದೆ. ಇದು ನಿಜವಾದ ತಪ್ಪು, ಅವಳದೇ. ಕುಸಿಯುತ್ತಾಳೇನೋ ಅಂದುಕೊಂಡೆ. "ಇದು ನಾನು ನೋಡ್ಬೇಕಿತ್ತು," ಅಂದು ಮುಂದಿನ ಮಾತಿಗೆ ಹೋದಳು. ನನಗೆ ಬಾಗಿಲು ಸಿಕ್ಕಿದ್ದಕ್ಕಿಂತ ಇದು ಜಾಸ್ತಿ ಸಮಾಧಾನ ಕೊಟ್ಟಿತು.

ಒಟ್ಟು ಆರು ಭೇಟಿ. ನಿದ್ದೆ ಪೂರ್ತಿ ಅಲ್ಲದಿದ್ದರೂ ಐದು ಗಂಟೆವರೆಗೆ ಬಂದಿತ್ತು. ಜ್ಯೂರಿ ಇನ್ನೂ ಬಾಕಿ ಇತ್ತು. ಕೊನೆಯ ಭೇಟಿಯಲ್ಲಿ ಅವಳ ತಲೆನೋವು ಶಬ್ದದ್ದು. ಮರಗೆಲಸದ ಗರಗಸ ಕೆಳಗೆ, ಮಲಗುವ ಮಗು ಮೇಲೆ, ಮಧ್ಯೆ ಬರೀ ಹಲಗೆ. ಶಬ್ದ ತಡೆಯಲು ಒಳಚಾವಣಿ ಕಟ್ಟಿದರೆ ಇಷ್ಟಪಟ್ಟು ಉಳಿಸಿದ ತೊಲೆಗಳು ಮುಚ್ಚಿಹೋಗುತ್ತವೆ.

"ಏನು ಮಾಡ್ಲಿ ಹೇಳಿ," ಅಂದಳು.

ನನಗೇನು ಗೊತ್ತು, ನಾನು ಆಪ್ತಸಲಹೆಗಾರ ಅಂದೆ. ಹಾಳೆಯ ಮೂಲೆಗಳ ಮೇಲಿದ್ದ ಭಾರ ತೆಗೆದು, ನನ್ನ ಕನ್ನಡಕದ ಡಬ್ಬಿ ವಾಪಸ್ ಕೊಟ್ಟು, ಸುರುಳಿ ಸುತ್ತಿಕೊಂಡು ಸ್ಟುಡಿಯೋ ಕಡೆ ಹೋದಳು.