ಆ ಮೂರು ಮಕ್ಕಳನ್ನು ಹುಡುಕಿ

ನಮಸ್ಕಾರ ಮೇಡಂ,

ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ನಿಮ್ಮ ಯಜಮಾನರ ಮುತ್ತಜ್ಜನ ಅಜ್ಜ 1848ರಲ್ಲಿ ಜರ್ಮನಿಯಿಂದ ಅಮೆರಿಕಕ್ಕೆ ಬಂದು, ಒಹಾಯೊದಲ್ಲಿ ನೆಲೆಸಿ, ಅಂತರ್ಯುದ್ಧದಲ್ಲಿ ಹೋರಾಡಿ, ಜಮೀನು ಮಾಡಿದ ಕತೆ. ಈಗ ಇರುವ ಹಾಗೆ ಇದನ್ನು ಹಾಕಲು ಆಗುವುದಿಲ್ಲ. ಹಾಗಂತ ಕೈಬಿಡಬೇಡಿ. ನೀವು ಜೊತೆಗೆ ಕಳಿಸಿದ ಜನಗಣತಿ ಹಾಳೆಗಳಲ್ಲಿ ಇದಕ್ಕಿಂತ ಒಳ್ಳೆಯ ಕತೆ ಇದೆ.

ಮೊದಲು ಒಂದು ತಪ್ಪು. ಎಲ್ಲಿಸ್ ದ್ವೀಪದ ಅಧಿಕಾರಿಯೊಬ್ಬ ‘ಮ್ಯೂಲರ್’ ಅನ್ನು ‘ಮಿಲ್ಲರ್’ ಮಾಡಿದ ಅಂತ ಬರೆದಿದ್ದೀರಿ. ಆ ದ್ವೀಪದ ವಲಸೆ ಕೇಂದ್ರ ಶುರುವಾಗಿದ್ದೇ 1892ರಲ್ಲಿ. ಅಷ್ಟು ಹೊತ್ತಿಗೆ ಇವರು ಬಂದು 44 ವರ್ಷ ಆಗಿತ್ತು. ಆಗೆಲ್ಲ ಪ್ರಯಾಣಿಕರ ಪಟ್ಟಿ ಕೊಡುತ್ತಿದ್ದವನು ಹಡಗಿನ ಕ್ಯಾಪ್ಟನ್. ಮನೆಯವರು ಹೀಗೆ ಹೇಳುತ್ತಾರೆ ಅಂತ ಬರೆಯಿರಿ, ತೊಂದರೆ ಇಲ್ಲ. ಹೀಗೇ ನಡೆಯಿತು ಅಂತ ಬರೆಯಬೇಡಿ.

ಎರಡನೆಯದು ಇದಕ್ಕಿಂತ ದೊಡ್ಡದು. 1850ರ ಹಾಳೆಯಲ್ಲಿ ಅವರ ಹೆಸರಿನ ಕೆಳಗೆ 26 ವರ್ಷದ ಒಬ್ಬ ಹೆಂಗಸು ಇದ್ದಾಳೆ. ಅವಳೇ ಹೆಂಡತಿ ಅಂತ ನೀವು ತೀರ್ಮಾನ ಮಾಡಿದ್ದೀರಿ. ಮನೆಯಲ್ಲಿರುವ ಸ್ವತಂತ್ರ, ಅಂದರೆ ಗುಲಾಮರಲ್ಲದ, ಜನರೆಲ್ಲರ ಹೆಸರು ಬರೆದ ಮೊದಲ ಗಣತಿ ಅದು, ನಿಜ. ಆದರೆ ಯಾರು ಯಾರಿಗೆ ಏನಾಗಬೇಕು ಅನ್ನುವ ಕಾಲಂ ಬಂದದ್ದು 1880ರಲ್ಲಿ. ಈಗ ನಿಮ್ಮದೇ 1900ರ ಹಾಳೆ ನೋಡಿ. ಅದರಲ್ಲಿ ಹುಟ್ಟಿದ ತಿಂಗಳು, ವರ್ಷ ಎರಡೂ ಇದೆ. ಅವರ ವಿಧವೆ ಹುಟ್ಟಿದ್ದು ಮೇ 1834. ಅಂದರೆ 1850ರಲ್ಲಿ ಅವಳಿಗೆ ಹದಿನಾರು! ವಯಸ್ಸು ಒಂದೆರಡು ವರ್ಷ ಹೆಚ್ಚುಕಮ್ಮಿ ಬರೆಸುವುದು ಉಂಟು, ಹತ್ತು ವರ್ಷ ಅಂದರೆ ನಂಬುವುದು ಕಷ್ಟ. ಹಾಗಾದರೆ ಆ ಮೊದಲಿನವಳು ಯಾರು? ತಂಗಿಯಾ? ತೀರಿಹೋದ ಮೊದಲ ಹೆಂಡತಿಯಾ?

1900ರ ಹಾಳೆಯಲ್ಲಿ ವಿಧವೆಯ ಸಾಲಿನಲ್ಲೇ ಇನ್ನೂ ಬಲಕ್ಕೆ ಹೋಗಿ. ಎಷ್ಟು ಮಕ್ಕಳನ್ನು ಹೆತ್ತಳು ಅನ್ನುವಲ್ಲಿ 9. ಎಷ್ಟು ಬದುಕಿವೆ ಅನ್ನುವಲ್ಲಿ 4. ನೀವು ಹೆಸರಿಸಿದ್ದು ಆರು ಮಕ್ಕಳನ್ನು. ಉಳಿದ ಮೂರು ಯಾವ ಗಣತಿಯಲ್ಲೂ ಇಲ್ಲ. ಹತ್ತು ವರ್ಷಕ್ಕೊಮ್ಮೆ ಗಣತಿ. ನಡುವೆ ಹುಟ್ಟಿ ನಡುವೆಯೇ ಹೋದ ಕೂಸಿನ ಹೆಸರು ಯಾರು ಬರೆದಾರು? ಅರವತ್ತಾರು ವರ್ಷದ ಹೆಂಗಸು ಬಾಗಿಲಿಗೆ ಬಂದ ಗಣತಿಯವನಿಗೆ ಈ ಎರಡು ಅಂಕಿ ಹೇಳಿದ್ದನ್ನು ನೆನೆದು ನಾನು ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ನೀವು ಅವಳಿಗೆ ಕೊಟ್ಟಿರುವುದು ಒಂದೇ ವಾಕ್ಯ: ‘ಪತಿಗೆ ತಕ್ಕ ಸತಿಯಾಗಿದ್ದಳು’. ಯುದ್ಧಕ್ಕೆ ನಾಲ್ಕು ಪುಟ. ಆ ನಾಲ್ಕು ಪುಟ ಯಾವ ಸೈನಿಕನಿಗೂ ಒಪ್ಪುತ್ತದೆ. ತೆಗೆದುಬಿಡಿ.

1880ರಿಂದ 1900ಕ್ಕೆ ‘ಕಾಲಚಕ್ರ ಉರುಳಿತು’ ಅಂತ ದಾಟಿದ್ದೀರಿ. ನಡುವಿನ ಹಾಳೆ ಸಿಗದಿದ್ದಕ್ಕೆ ಕಾರಣ ಇದೆ, ಅದನ್ನೇ ಹೇಳಿ. 1921ರ ಜನವರಿಯಲ್ಲಿ ವಾಷಿಂಗ್ಟನ್ನಿನ ವಾಣಿಜ್ಯ ಇಲಾಖೆ ಕಟ್ಟಡಕ್ಕೆ ಬೆಂಕಿ ಬಿದ್ದು 1890ರ ಗಣತಿ ಹಾಳಾಯಿತು. ಉಳಿದದ್ದರಲ್ಲೂ ಬಹುಪಾಲನ್ನು ಮುಂದೆ ಸರ್ಕಾರವೇ ನಾಶ ಮಾಡಿತು.

ಇನ್ನು ಹುಡುಕಾಟ. ಒಹಾಯೊದಲ್ಲಿ ಕೌಂಟಿಯ (ನಮ್ಮ ಜಿಲ್ಲೆಯ ಹಾಗೆ) ಪ್ರೊಬೇಟ್ ಕೋರ್ಟುಗಳು, ಅಂದರೆ ಉಯಿಲು-ಆಸ್ತಿ ವಿಚಾರ ನೋಡುವ ಕೋರ್ಟುಗಳು, ಜನನ-ಮರಣ ಬರೆದಿಡಲು ಶುರು ಮಾಡಿದ್ದು 1867ರಲ್ಲಿ. ಅದಕ್ಕೂ ಮುಂಚಿನ ಮಕ್ಕಳಿಗೆ ಅವರ ಚರ್ಚಿನ ದೀಕ್ಷಾಸ್ನಾನದ ಪುಸ್ತಕವೇ ಗತಿ. ಆಕೆ ವಿಧವಾ ಪಿಂಚಣಿಗೆ ಅರ್ಜಿ ಹಾಕಿದ್ದರೆ ಕಡತ ವಾಷಿಂಗ್ಟನ್ನಿನ ರಾಷ್ಟ್ರೀಯ ದಾಖಲೆ ಸಂಗ್ರಹದಲ್ಲಿ ಇರಬಹುದು. ಮದುವೆ ಆಗಿದ್ದಕ್ಕೆ ಆಕೆ ಪುರಾವೆ ಕೊಡಬೇಕಿತ್ತು. ಇಂಥ ಕಡತಗಳಲ್ಲಿ ನೆರೆಹೊರೆಯವರು, ಕೆಲವು ಸಲ ಸೂಲಗಿತ್ತಿಯರು ಪ್ರಮಾಣ ಮಾಡಿ ಹೇಳಿದ ಮಾತುಗಳೂ ಸಿಗುತ್ತವೆ.

ಆ ವಿಧವೆಯಿಂದ ಶುರು ಮಾಡಿ ಇನ್ನೊಮ್ಮೆ ಬರೆದು ಕಳಿಸಿ. ನಿಮ್ಮ ಕನ್ನಡ ಚೆನ್ನಾಗಿದೆ, ಅಲಂಕಾರ ಮಾತ್ರ ಜಾಸ್ತಿ ಆಯಿತು. ಕಡತ ಕೈಗೆ ಬಂದ ದಿನ ನನಗೂ ಒಂದು ಸಾಲು ಬರೆಯಿರಿ. ಆ ಮೂರರಲ್ಲಿ ಒಂದು ಮಗುವಿನ ಹೆಸರಾದರೂ ಸಿಕ್ಕಿತಾ ಅಂತ ತಿಳಿಯಬೇಕು.