ಖಾಲಿ ಉಳಿದ ಪ್ರಶ್ನೆ

ಪ್ರಶ್ನೆ: ಮಗಳ ಚಾಲನಾ ಪರವಾನಗಿಯ ಅರ್ಜಿ ತುಂಬುವಾಗ ಅಂಗಾಂಗ ದಾನದ ಪ್ರಶ್ನೆಯನ್ನು ಏಜೆಂಟರು ನಮ್ಮನ್ನು ಕೇಳದೆಯೇ ದಾಟಿಸಿಬಿಟ್ಟರು. ಕೆಲವು ದೇಶಗಳಲ್ಲಿ ಬೇಡವೆಂದು ಬರೆದುಕೊಡದವರೆಲ್ಲರೂ ದಾನಿಗಳೇ ಅಂತೆ. ನಮ್ಮಲ್ಲೂ ಹಾಗೆ ಮಾಡಬಾರದೇಕೆ?
– ಓದುಗರೊಬ್ಬರು, ಶಿರಸಿ

ಉತ್ತರ: ನಿಮ್ಮ ಆಸೆಗೆ ಆಧಾರವಿದೆ. 2003ರಲ್ಲಿ ಸಂಶೋಧಕರಾದ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ ಯುರೋಪಿನ ದೇಶಗಳನ್ನು ಹೋಲಿಸಿದಾಗ, ತಾವಾಗಿ ಒಪ್ಪಿಗೆ ಕೊಡಬೇಕಿದ್ದ ಜರ್ಮನಿಯಲ್ಲಿ ಒಪ್ಪಿದವರು ಶೇ. 12ರಷ್ಟಿದ್ದರೆ, ನಿರಾಕರಿಸದವರನ್ನು ಒಪ್ಪಿದವರೆಂದೇ ಎಣಿಸುವ ಆಸ್ಟ್ರಿಯಾದಲ್ಲಿ ಶೇ. 99ಕ್ಕೂ ಹೆಚ್ಚಿದ್ದರು. ನೆರೆಹೊರೆಯ ಎರಡು ದೇಶಗಳ ಜನರ ಕರುಣೆಯಲ್ಲಿ ಅಷ್ಟು ಅಂತರವಿರಲಾರದು. ಅರ್ಜಿಯಲ್ಲಿ ಮೊದಲೇ ಏನಿದೆಯೋ ಅದನ್ನು ಹೆಚ್ಚಿನವರು ಹಾಗೆಯೇ ಬಿಡುತ್ತಾರೆ.

ಆದರೆ ಪಟ್ಟಿಯಲ್ಲಿರುವ ಹೆಸರು ಬೇರೆ, ಆಸ್ಪತ್ರೆಯಲ್ಲಿ ನಡೆಯುವ ದಾನ ಬೇರೆ. ಸ್ಪೇನ್‌ನಲ್ಲಿ ಇಂಥ ಕಾನೂನು 1979ರಲ್ಲೇ ಬಂದಿದ್ದರೂ, ದಾನ ಏರುತ್ತ ಹೋದದ್ದು 1989ರಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಹುಟ್ಟಿ, ಆಸ್ಪತ್ರೆಗಳಲ್ಲಿ ತರಬೇತಿ ಪಡೆದ ಸಂಯೋಜಕರು ಕೆಲಸಕ್ಕೆ ನಿಂತ ಮೇಲೆ. ಇಂದಿಗೂ ಅಲ್ಲಿ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ನಮ್ಮಲ್ಲಂತೂ ಪ್ರತಿಜ್ಞಾ ಪತ್ರವಿದ್ದರೂ ಕೊನೆಯ ಮಾತು ಮನೆಯವರದೇ.

ಆ ಗಳಿಗೆಯನ್ನು ನೆನೆದುಕೊಳ್ಳಿ. ದೇವಿಮನೆ ಘಟ್ಟದಲ್ಲಿ ಅಪಘಾತವಾಗಿ, ಗಾಯಾಳುವನ್ನು ರಾತ್ರೋರಾತ್ರಿ ಹುಬ್ಬಳ್ಳಿಗೋ ಮಂಗಳೂರಿಗೋ ಒಯ್ದಿರುತ್ತಾರೆ. ವೆಂಟಿಲೇಟರಿನಿಂದ ಎದೆ ಏರಿಳಿಯುತ್ತಿದೆ, ಮೈ ಬೆಚ್ಚಗಿದೆ, ಆದರೂ ವೈದ್ಯರು ಮಿದುಳು ಸತ್ತಿದೆ ಎನ್ನುತ್ತಾರೆ. ಹೋದವರ ಇಚ್ಛೆ ಏನಿತ್ತೆಂದು ಗೊತ್ತಿಲ್ಲದ ತಂದೆ ತಾಯಿ ಬೇಡವೆಂದರೆ ಅದು ಅವರ ತಪ್ಪಲ್ಲ.

ಹೀಗಾಗಿ ಮೌನವನ್ನೇ ಒಪ್ಪಿಗೆಯೆಂದು ಬರೆದುಕೊಳ್ಳುವ ಕಾನೂನು ನಮ್ಮಲ್ಲಿ ಅನುಮಾನವನ್ನೇ ಬೆಳೆಸೀತು ಎಂಬುದು ನನ್ನ ಅಭಿಪ್ರಾಯ. 2017ರಲ್ಲಿ ನೊಬೆಲ್ ಪಡೆದ ವರ್ತನಾ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಕೂಡ ಪ್ರತಿಯೊಬ್ಬರನ್ನೂ ಸ್ಪಷ್ಟವಾಗಿ ಕೇಳುವ ಕ್ರಮವನ್ನೇ ಮೆಚ್ಚಿದ್ದಾರೆ. ಕೇಳುವ ಮಾತಿನಲ್ಲೂ ಬಲವಿದೆ: ಬ್ರಿಟನ್ನಿನಲ್ಲಿ ವಾಹನ ತೆರಿಗೆ, ಪರವಾನಗಿಗೆಂದು ಜಾಲತಾಣಕ್ಕೆ ಬಂದ 10 ಲಕ್ಷಕ್ಕೂ ಹೆಚ್ಚು ಜನರ ಮುಂದೆ ಬೇರೆ ಬೇರೆ ವಾಕ್ಯಗಳನ್ನಿಟ್ಟು ನೋಡಿದಾಗ, ‘ನಿಮಗೇ ಅಂಗ ಬೇಕಾದರೆ ಪಡೆಯುವಿರಾ? ಹಾಗಿದ್ದರೆ ಇತರರಿಗೂ ನೆರವಾಗಿ’ ಎಂಬರ್ಥದ ಸಾಲಿಗೆ ಹೆಚ್ಚು ನೋಂದಣಿಯಾಯಿತು. ಜನರ ಗುಂಪಿನ ಚಿತ್ರ ಹಾಕಿದ್ದಕ್ಕೆ ನೋಂದಣಿ ಇಳಿಯಿತು. ಕಾರವಾರ, ಶಿರಸಿಯ ಸಾರಿಗೆ ಕಚೇರಿಗಳಲ್ಲೂ ಆ ಪ್ರಶ್ನೆಯನ್ನು ಅರ್ಜಿದಾರರಿಗೇ ಓದಿ ಹೇಳುವ ಕ್ರಮ ಬರಬೇಕು.

ನಿಮ್ಮ ಮಗಳಿಗೆ ಇಷ್ಟವಿದ್ದರೆ ರಾಜ್ಯದ ಅಂಗಾಂಗ ದಾನ ಸಂಸ್ಥೆಯಾದ ‘ಜೀವಸಾರ್ಥಕತೆ’ಯಲ್ಲಿ ಹೆಸರು ನೋಂದಾಯಿಸಲಿ, ಅದೇ ಸಂಜೆ ಅಜ್ಜಿಯೂ ಕುಳಿತಿರುವಾಗ ಮನೆಯಲ್ಲಿ ಹೇಳಲಿ. ಅಂಗ ತೆಗೆದ ಮೇಲೆ ದೇಹವನ್ನು ಹೊಲಿದು ಮನೆಯವರಿಗೇ ಒಪ್ಪಿಸುತ್ತಾರೆ, ಅಂತ್ಯಕ್ರಿಯೆಗೆ ಅಡ್ಡಿಯಿಲ್ಲ ಎಂಬುದನ್ನೂ ಆಗಲೇ ಹೇಳಲಿ.